ಬಿದ್ದರೂ ಬದುಕುವುದು ಹೇಗೆ? ಹ್ಯೂ ಡಿಹೇವನ್ ಅವರ ಕಥೆ



ಜಾತ್ರೆಯ ಬಳೆ ಅಂಗಡಿಯಲ್ಲಿ ಸಾಲಾಗಿ ಜೋಡಿಸಿಟ್ಟ ಗಾಜಿನ ಬಳೆಗಳನ್ನು ನೀವು ನೋಡಿದ್ದೀರಿ. ಅವುಗಳಲ್ಲಿ ಬಹಳಷ್ಟು ಬಳೆಗಳು ಉತ್ತರ ಪ್ರದೇಶದ ಫಿರೋಜಾಬಾದಿನಲ್ಲಿ ತಯಾರಾಗುತ್ತವೆ. ಅಲ್ಲಿಂದ ನಮ್ಮ ಊರಿನವರೆಗೆ ನೂರಾರು ಮೈಲಿ ದೂರ ಲಾರಿಯಲ್ಲಿ, ರೈಲಿನಲ್ಲಿ ಕುಲುಕಾಡುತ್ತಾ ಬಂದರೂ ಹೆಚ್ಚಿನ ಬಳೆಗಳು ಒಡೆದಿರುವುದಿಲ್ಲ. ಏಕೆ? ಅವುಗಳನ್ನು ಬಿಗಿಯಾಗಿ ಕಟ್ಟಿ, ಸುತ್ತಲೂ ಕಾಗದ ತುಂಬಿ, ಗಟ್ಟಿ ಪೆಟ್ಟಿಗೆಯಲ್ಲಿ ಇಟ್ಟಿರುತ್ತಾರೆ. ಮಣ್ಣಿನ ಮಡಕೆಗಳನ್ನು ಹುಲ್ಲಿನ ನಡುವೆ ಇಟ್ಟು ಗಾಡಿಯಲ್ಲಿ ಸಾಗಿಸುವುದೂ ಇದೇ ಉಪಾಯದಿಂದ.

ಬಳೆಗಾಗಿ, ಮಡಕೆಗಾಗಿ ಇಷ್ಟು ಯೋಚಿಸುವ ಮನುಷ್ಯ, ವಿಮಾನದಲ್ಲಿ, ಕಾರಿನಲ್ಲಿ ಕೂರುವ ತನಗಾಗಿ ಏಕೆ ಹೀಗೆ ಯೋಚಿಸಲಿಲ್ಲ? ಈ ಪ್ರಶ್ನೆಯನ್ನು ಬಿಡದೆ ಕೇಳಿ, ಉತ್ತರ ಹುಡುಕಿದವರು ಅಮೆರಿಕದ ಹ್ಯೂ ಡಿಹೇವನ್. ಇಂದು ಹೆಲಿಕಾಪ್ಟರ್ ನೆಲಕ್ಕೆ ಅಪ್ಪಳಿಸಿದಾಗಲೂ ಒಳಗಿದ್ದವರು ಬದುಕಿ ಬರುವುದು ಸಾಧ್ಯವಾಗಿದ್ದರೆ, ಅದರ ಹಿಂದೆ ಇವರು ಹಾಕಿಕೊಟ್ಟ ದಾರಿ ಇದೆ. ಬನ್ನಿ, ಅವರ ಬಾಳಿನ ಕಥೆ ಓದೋಣ.

ಆಕಾಶದಲ್ಲಿ ಡಿಕ್ಕಿ

ಹ್ಯೂ ಡಿಹೇವನ್ ಹುಟ್ಟಿದ್ದು 1895ರಲ್ಲಿ, ನ್ಯೂಯಾರ್ಕ್ ನಗರದ ಬ್ರೂಕ್ಲಿನ್ನಿನಲ್ಲಿ. ಆಗ ಇನ್ನೂ ವಿಮಾನವೇ ಇರಲಿಲ್ಲ. ರೈಟ್ ಸೋದರರ ವಿಮಾನ ಮೊದಲು ಹಾರಿದ್ದು 1903ರಲ್ಲಿ, ಹ್ಯೂ ಎಂಟು ವರ್ಷದ ಹುಡುಗನಾಗಿದ್ದಾಗ. ದೊಡ್ಡವರಾದ ಮೇಲೆ ಅವರು ಕಾರ್ನೆಲ್ ಮತ್ತು ಕೊಲಂಬಿಯಾ ವಿಶ್ವವಿದ್ಯಾಲಯಗಳಲ್ಲಿ ಸ್ವಲ್ಪ ಕಾಲ ಓದಿದರು. ಅಷ್ಟರಲ್ಲಿ ಮೊದಲನೆಯ ಮಹಾಯುದ್ಧ ನಡೆಯುತ್ತಿತ್ತು. ತರುಣ ಹ್ಯೂ ಅವರಿಗೆ ಹಾರುವ ಆಸೆ. ಅಮೆರಿಕದ ಸೈನ್ಯ ಅವರನ್ನು ವಿಮಾನ ಚಾಲಕನಾಗಿ ಸೇರಿಸಿಕೊಳ್ಳಲಿಲ್ಲ. ಅವರು ಸುಮ್ಮನಾಗದೆ ಕೆನಡಾಕ್ಕೆ ಹೋಗಿ, ಬ್ರಿಟಿಷರ ರಾಯಲ್ ಫ್ಲೈಯಿಂಗ್ ಕೋರ್ ಎಂಬ ವಾಯುದಳ ಸೇರಿದರು.

1917ರಲ್ಲಿ ಅವರ ದಳಕ್ಕೆ ಅಮೆರಿಕದ ಟೆಕ್ಸಾಸಿನಲ್ಲಿ ತರಬೇತಿ ನಡೆಯುತ್ತಿತ್ತು. ಒಂದು ದಿನ ಹಾರಾಟದ ಅಭ್ಯಾಸದಲ್ಲಿ ಅವರ ವಿಮಾನಕ್ಕೆ ಇನ್ನೊಂದು ವಿಮಾನ ಆಕಾಶದಲ್ಲೇ ಡಿಕ್ಕಿ ಹೊಡೆಯಿತು. ಎರಡೂ ನೆಲಕ್ಕೆ ಬಿದ್ದವು. ಇನ್ನೊಂದು ವಿಮಾನದಲ್ಲಿದ್ದವರು ಉಳಿಯಲಿಲ್ಲ. ಹ್ಯೂ ಒಬ್ಬರೇ ಬದುಕಿದರು. ಆದರೆ ಅವರ ಯಕೃತ್ತು, ಪಿತ್ತಕೋಶ, ಮೇದೋಜೀರಕ ಗ್ರಂಥಿ ಹರಿದುಹೋಗಿದ್ದವು. ತಿಂಗಳುಗಟ್ಟಲೆ ಆಸ್ಪತ್ರೆಯಲ್ಲಿ ಮಲಗಬೇಕಾಯಿತು.

ಇಂಥ ಸಂದರ್ಭದಲ್ಲಿ ಎಲ್ಲರೂ ಹೇಳುವುದೇನು? ಅದೃಷ್ಟ ಚೆನ್ನಾಗಿತ್ತು, ಆಯುಸ್ಸು ಗಟ್ಟಿಯಿತ್ತು ಎಂದು. ಹ್ಯೂ ಅವರಿಗೆ ಈ ಮಾತು ಒಪ್ಪಿಗೆಯಾಗಲಿಲ್ಲ. ಆಸ್ಪತ್ರೆಯ ಹಾಸಿಗೆಯಲ್ಲಿ ಮಲಗಿಕೊಂಡೇ ಅವರು ಎರಡು ಸಂಗತಿಗಳನ್ನು ಯೋಚಿಸಿದರು.

ಒಂದು: ವಿಮಾನ ಪುಡಿಪುಡಿಯಾದರೂ ಅವರು ಕುಳಿತಿದ್ದ ಭಾಗ ಹೆಚ್ಚು ಜಜ್ಜಿರಲಿಲ್ಲ. ಕೂರುವ ಜಾಗ ಉಳಿದದ್ದರಿಂದ ಕುಳಿತವರೂ ಉಳಿದರು.

ಎರಡು: ಹೊಟ್ಟೆಯೊಳಗಿನ ಗಾಯಗಳಿಗೆ ಕಾರಣ ನೆಲವಲ್ಲ. ಅವರು ಸೊಂಟಕ್ಕೆ ಕಟ್ಟಿಕೊಂಡಿದ್ದ ಪಟ್ಟಿಯ ಬಕಲ್ ದೊಡ್ಡದಾಗಿ, ಚೂಪಾಗಿತ್ತು. ಅಪ್ಪಳಿಸಿದ ಕ್ಷಣದಲ್ಲಿ ಅದೇ ಹೊಟ್ಟೆಗೆ ಒತ್ತಿತ್ತು. ಕಾಪಾಡಬೇಕಾದ ಪಟ್ಟಿಯೇ ಗಾಯ ಮಾಡಿತ್ತು!

ಹಾಗಾದರೆ ಬಕಲ್ ಬೇರೆ ರೀತಿ ಇದ್ದಿದ್ದರೆ? ಈ ಪ್ರಶ್ನೆ ಅವರ ಮನಸ್ಸಿನಲ್ಲಿ ಉಳಿದುಬಿಟ್ಟಿತು.

ಎರಡು ಬೇರೆ ಬೇರೆ ಪ್ರಶ್ನೆಗಳು

ಯುದ್ಧ ಮುಗಿದ ಮೇಲೆ ಹ್ಯೂ ಡಿಹೇವನ್ ಹೊಸ ಯಂತ್ರಗಳನ್ನು ರೂಪಿಸುವ ಕೆಲಸಕ್ಕೆ ಇಳಿದರು. ಪತ್ರಿಕೆಗಳನ್ನು ಕಟ್ಟುಕಟ್ಟುವ ಯಂತ್ರವೂ ಅವರ ಸೃಷ್ಟಿಗಳಲ್ಲಿ ಒಂದು. ಒಳ್ಳೆಯ ಹಣ ಬಂತು. ನಡುವಯಸ್ಸಿಗೆ ಬರುವ ಹೊತ್ತಿಗೆ ದುಡಿಯಲೇಬೇಕೆಂಬ ಅಗತ್ಯ ಉಳಿಯಲಿಲ್ಲ.

1930ರ ದಶಕದ ನಡುವಿನಲ್ಲಿ ಅವರು ಒಂದು ಕಾರು ಅಪಘಾತ ಕಂಡರು. ಅದು ಅಂಥ ಭಾರಿ ಅಪಘಾತವೇನೂ ಆಗಿರಲಿಲ್ಲ. ಆದರೆ ಚಾಲಕನ ಮುಂದಿನ ಫಲಕದಲ್ಲಿ ಒಂದು ಗುಬುಟು ಚಾಚಿಕೊಂಡಿತ್ತು. ಚಾಲಕನ ತಲೆ ಅದಕ್ಕೆ ಬಡಿದು ದೊಡ್ಡ ಗಾಯವಾಗಿತ್ತು. ಆ ಗುಬುಟು ಇಲ್ಲದಿದ್ದರೆ ಅಷ್ಟು ಗಾಯವೇ ಆಗುತ್ತಿರಲಿಲ್ಲ. ಹ್ಯೂ ಅವರಿಗೆ ತಮ್ಮ ಹಳೆಯ ಬಕಲ್ ನೆನಪಾಯಿತು.

ಇಲ್ಲಿ ಸ್ವಲ್ಪ ನಿಂತು ಯೋಚಿಸಿ. ಅಪಘಾತವಾದಾಗ ನಾವು ಸಾಮಾನ್ಯವಾಗಿ ಒಂದೇ ಪ್ರಶ್ನೆ ಕೇಳುತ್ತೇವೆ. ಅಪಘಾತ ಏಕೆ ಆಯಿತು? ಯಾರ ತಪ್ಪು? ಡಿಹೇವನ್ ಇನ್ನೊಂದು ಪ್ರಶ್ನೆಯನ್ನು ಸೇರಿಸಿದರು. ಗಾಯ ಏಕೆ ಆಯಿತು? ದೇಹದ ಯಾವ ಭಾಗ ಯಾವ ವಸ್ತುವಿಗೆ ಬಡಿಯಿತು? ಮೊದಲ ಪ್ರಶ್ನೆಯ ಉತ್ತರದಿಂದ ಅಪಘಾತಗಳನ್ನು ಕಡಿಮೆ ಮಾಡಬಹುದು. ಆದರೂ ಎಲ್ಲೋ ಒಂದು ಅಪಘಾತ ಆಗಿಯೇ ಆಗುತ್ತದೆ. ಆಗ ಜೀವ ಉಳಿಸುವುದು ಎರಡನೆಯ ಪ್ರಶ್ನೆಯ ಉತ್ತರ.

ಅವರು ಈ ವಿಷಯವನ್ನು ಕಾರು ತಯಾರಕರಿಗೆ ಹೇಳಿ ನೋಡಿದರು. ಯಾರೂ ಕಿವಿಗೊಡಲಿಲ್ಲ. ಅಷ್ಟು ವೇಗದಲ್ಲಿ ಅಪ್ಪಳಿಸಿದರೆ ಮನುಷ್ಯನ ದೇಹ ತಡೆಯಲಾರದು ಎಂಬುದೇ ಆಗಿನ ನಂಬಿಕೆ. ಅದು ನಿಜವೇ ಎಂದು ಪರೀಕ್ಷಿಸುವುದು ಹೇಗೆ? ಮನುಷ್ಯರನ್ನು ಎತ್ತರದಿಂದ ಬೀಳಿಸಿ ನೋಡುವ ಹಾಗಿಲ್ಲವಲ್ಲ!

ಮೊಟ್ಟೆ ಮತ್ತು ಮೆತ್ತೆ

ಡಿಹೇವನ್ ಮೊಟ್ಟೆಗಳಿಂದ ಶುರು ಮಾಡಿದರು. ಮೆತ್ತನೆಯ ಸ್ಪಂಜು ರಬ್ಬರಿನ ಮೇಲೆ ಮೊಟ್ಟೆಯನ್ನು ಬೀಳಿಸುವುದು, ಒಡೆಯದಿದ್ದರೆ ಎತ್ತರ ಹೆಚ್ಚಿಸುವುದು. ಬರೀ ನೆಲಕ್ಕೆ ಒಂದು ಅಡಿಯಿಂದ ಬಿದ್ದರೂ ಒಡೆಯುವ ಮೊಟ್ಟೆ, ಮೆತ್ತೆಯ ಮೇಲೆ ಬಹಳ ಎತ್ತರದಿಂದ ಬಿದ್ದರೂ ಒಡೆಯಲಿಲ್ಲ.

ಆಮೇಲೆ ಅವರು ಬಹಳ ಎತ್ತರದಿಂದ ಬಿದ್ದೂ ಬದುಕಿದ್ದ ಜನರ ವಿವರಗಳನ್ನು ಹುಡುಕಿದರು. ಎಷ್ಟು ಎತ್ತರದಿಂದ ಬಿದ್ದರು, ಯಾವುದರ ಮೇಲೆ ಬಿದ್ದರು, ಅಲ್ಲಿ ಎಷ್ಟು ಆಳದ ಗುಳಿ ಆಯಿತು ಎಂದು ಒಂದೊಂದನ್ನೂ ಅಳೆದು ಬರೆದಿಟ್ಟರು. 50ರಿಂದ 150 ಅಡಿ ಎತ್ತರದ ಬೀಳುವಿಕೆಗಳ ಬಗೆಗಿನ ಈ ಅಧ್ಯಯನ 1942ರಲ್ಲಿ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಪ್ರಕಟವಾಯಿತು.

ಅದರಲ್ಲಿನ ಒಬ್ಬ ಮಹಿಳೆ ಸುಮಾರು 55 ಅಡಿ ಎತ್ತರದಿಂದ, ಅಂದರೆ ಸುಮಾರು 17 ಮೀಟರಿನಿಂದ, ತೋಟದ ಮಣ್ಣಿನ ಮೇಲೆ ಬಿದ್ದಿದ್ದರು. ಮಣ್ಣು ಸ್ವಲ್ಪ ಕುಸಿದಿತ್ತು. ಅವರಿಗೆ ದೊಡ್ಡ ಗಾಯವೇನೂ ಆಗಿರಲಿಲ್ಲ. ಇನ್ನೊಬ್ಬರು 144 ಅಡಿಯಿಂದ ಬಿದ್ದಾಗ ಕೆಳಗಿದ್ದ ತಗಡಿನ ಗಾಳಿಗೂಡು ಒಂದು ಅಡಿಗೂ ಹೆಚ್ಚು ಜಜ್ಜಿ ಒಳಗೆ ಹೋಗಿತ್ತು. ಅವರ ಕೈಗಳು ಮುರಿದರೂ ಜೀವ ಉಳಿದಿತ್ತು. ಇವೆಲ್ಲ ಬಹಳ ಅಪರೂಪದ ಘಟನೆಗಳು ಎಂಬುದನ್ನು ಮರೆಯಬೇಡಿ. ಇದಕ್ಕಿಂತ ಬಹಳ ಕಡಿಮೆ ಎತ್ತರದಿಂದ ಬಿದ್ದರೂ ಪ್ರಾಣ ಹೋಗಬಹುದು.

ಒಂದು ಸುಲಭವಾದ ಲೆಕ್ಕ

ನೀವು ಭಾಗಾಕಾರ ಕಲಿತಿದ್ದೀರಿ ತಾನೆ? ಹಾಗಾದರೆ ಡಿಹೇವನ್ ಕಂಡ ಗುಟ್ಟನ್ನು ನೀವೂ ಕಾಣಬಹುದು. ಬಿದ್ದ ಎತ್ತರವನ್ನು, ನಿಲ್ಲಲು ಸಿಕ್ಕ ದೂರದಿಂದ ಭಾಗಿಸಿ. ನಿಲ್ಲುವಾಗ ದೇಹದ ಮೇಲೆ ಬೀಳುವ ಒತ್ತಡ ಅದರ ತೂಕದ ಎಷ್ಟು ಪಟ್ಟು ಎಂಬುದು ಸರಿಸುಮಾರು ತಿಳಿಯುತ್ತದೆ.

17 ಮೀಟರ್ ಎಂದರೆ 1700 ಸೆಂಟಿಮೀಟರ್. ಮಣ್ಣು 15 ಸೆಂಟಿಮೀಟರ್ ಕುಸಿಯಿತು ಎಂದುಕೊಳ್ಳೋಣ. 1700 ÷ 15 = ಸುಮಾರು 113. ಅಂದರೆ ಆ ಮಹಿಳೆಯ ದೇಹ ತನ್ನ ತೂಕದ ನೂರು ಪಟ್ಟಿಗೂ ಹೆಚ್ಚು ಒತ್ತಡವನ್ನು ತಡೆದುಕೊಂಡಿತ್ತು. ಅದೂ ಸೆಕೆಂಡಿನ ಐವತ್ತನೆಯ ಒಂದು ಭಾಗಕ್ಕಿಂತ ಕಡಿಮೆ ಹೊತ್ತು. ಮೈಯ ವಿಶಾಲ ಭಾಗಕ್ಕೆ ಈ ಒತ್ತಡ ಹಂಚಿಹೋದದ್ದರಿಂದ ಇದು ಸಾಧ್ಯವಾಯಿತು. ಅದೇ ನೆಲ ಸಿಮೆಂಟಿನದಾಗಿದ್ದು, ನಿಲ್ಲಲು ಒಂದೆರಡು ಸೆಂಟಿಮೀಟರ್ ಮಾತ್ರ ಸಿಕ್ಕಿದ್ದರೆ? ನೀವೇ ಭಾಗಿಸಿ ನೋಡಿ.

ವೇಗವಾಗಿ ಬರುವುದು ಕೊಲ್ಲುವುದಿಲ್ಲ, ಥಟ್ಟನೆ ನಿಲ್ಲುವುದು ಕೊಲ್ಲುತ್ತದೆ. ನಿಲ್ಲಲು ಸ್ವಲ್ಪ ಹೆಚ್ಚು ದೂರ ಕೊಟ್ಟರೆ, ಒತ್ತಡವನ್ನು ಮೈಯ ಗಟ್ಟಿ ಭಾಗಗಳಿಗೆ ಹಂಚಿದರೆ, ಜೀವ ಉಳಿಯುವ ಸಾಧ್ಯತೆ ಹೆಚ್ಚುತ್ತದೆ. ಡಿಹೇವನ್ ಹೇಳಿದ್ದು ಇಷ್ಟೇ.

ಸಾಮಾನು ಕಟ್ಟುವ ನಿಯಮ

1942ರಲ್ಲಿಯೇ ನ್ಯೂಯಾರ್ಕಿನ ಕಾರ್ನೆಲ್ ವೈದ್ಯಕೀಯ ಕಾಲೇಜಿನಲ್ಲಿ ಅಪಘಾತದ ಗಾಯಗಳ ಸಂಶೋಧನೆ ಆರಂಭವಾಯಿತು. ಡಿಹೇವನ್ ಅದರ ಮುಖ್ಯಸ್ಥರಾದರು. ಅವರು ವೈದ್ಯರಲ್ಲ, ಪದವೀಧರರೂ ಅಲ್ಲ. ಆದರೆ ಸರಿಯಾದ ಪ್ರಶ್ನೆ ಅವರ ಬಳಿ ಇತ್ತು. ಸಣ್ಣ ವಿಮಾನಗಳ ಅಪಘಾತಗಳ ವರದಿ, ಫೋಟೋ, ವೈದ್ಯರ ಟಿಪ್ಪಣಿಗಳನ್ನು ಅವರ ತಂಡ ಕಲೆಹಾಕಿತು. ಕೂರುವ ಜಾಗ ಚೆನ್ನಾಗಿಯೇ ಉಳಿದಿದ್ದರೂ ಎಷ್ಟೋ ಚಾಲಕರು ತಲೆ ಮುಂದಿನ ಫಲಕಕ್ಕೆ ಬಡಿದು ಸತ್ತಿದ್ದರು. ಹೆಗಲಿಗೆ ಒಂದು ಪಟ್ಟಿ ಇದ್ದಿದ್ದರೆ ಅವರಲ್ಲಿ ಹಲವರು ಬದುಕುತ್ತಿದ್ದರು.

ಡಿಹೇವನ್ ಒಡೆಯುವ ಸಾಮಾನು ಕಟ್ಟುವವರ ನಾಲ್ಕು ನಿಯಮಗಳನ್ನು ಮನುಷ್ಯರಿಗೂ ಅನ್ವಯಿಸಿದರು. ನಮ್ಮ ಬಳೆ ಪೆಟ್ಟಿಗೆಯನ್ನು ನೆನೆದುಕೊಂಡು ಇವನ್ನು ಓದಿ.

1. ಪೆಟ್ಟಿಗೆ ಬಿದ್ದಾಗ ಬಾಯಿ ಬಿಡಬಾರದು, ಒಳಗಿನ ಸಾಮಾನಿನ ಮೇಲೆ ಕುಸಿಯಲೂಬಾರದು.
2. ಪೆಟ್ಟಿಗೆಯ ಹೊರಭಾಗ ಗಾಜಿನಂತೆ ಫಟ್ಟನೆ ಒಡೆಯಬಾರದು. ಅದು ಬಗ್ಗಬೇಕು, ಜಜ್ಜಬೇಕು, ಏಟನ್ನು ತಾನು ಹೀರಿಕೊಳ್ಳಬೇಕು.
3. ಒಳಗಿನ ಸಾಮಾನು ಅತ್ತಿತ್ತ ಅಲುಗಾಡದಂತೆ ಹಿಡಿದಿಡಬೇಕು.
4. ಹಿಡಿದಿಡುವ ವಸ್ತು ಸಾಮಾನಿನ ಗಟ್ಟಿ ಭಾಗಕ್ಕೆ ಆತುಕೊಳ್ಳಬೇಕು, ನಾಜೂಕಾದ ಭಾಗಕ್ಕೆ ಅಲ್ಲ.

ಮನುಷ್ಯನಲ್ಲಿ ಗಟ್ಟಿ ಭಾಗ ಯಾವುದು? ಸೊಂಟದ ಮೂಳೆ, ಎದೆಗೂಡು, ಹೆಗಲು. ನಾಜೂಕಾದದ್ದು ಹೊಟ್ಟೆ, ತಲೆ. 1917ರ ಆ ಬಕಲ್ ನಾಲ್ಕನೆಯ ನಿಯಮವನ್ನು ಮುರಿದಿತ್ತು ಎಂಬುದು ನಿಮಗೆ ಈಗ ಹೊಳೆದಿರಬೇಕು.

ಈ ನಿಯಮಗಳನ್ನು ಕೆಲವರು ಬೇಗನೆ ಕೈಗೆತ್ತಿಕೊಂಡರು. ಹೊಲಗಳಿಗೆ ಔಷಧಿ ಸಿಂಪಡಿಸುವ ವಿಮಾನಗಳು ನೆಲಕ್ಕೆ ಬಹಳ ಹತ್ತಿರ ಹಾರುವುದರಿಂದ ಆಗಾಗ ಬೀಳುತ್ತಿದ್ದವು. 1950ರಲ್ಲಿ ಫ್ರೆಡ್ ವೀಕ್ ಎಂಬ ಎಂಜಿನಿಯರ್ ಟೆಕ್ಸಾಸಿನಲ್ಲಿ ಅಂಥ ಕೆಲಸಕ್ಕಾಗಿಯೇ ಎಜಿ-1 ಎಂಬ ವಿಮಾನವನ್ನು ರೂಪಿಸಿದರು. ಅದರಲ್ಲಿ ಚಾಲಕನ ಆಸನ ಎತ್ತರದಲ್ಲಿ, ಉದ್ದ ಮೂತಿಯ ಹಿಂದೆ ಇತ್ತು. ಮೂತಿ ಜಜ್ಜಿದರೂ ಚಾಲಕನಿರುವ ಗೂಡು ಉಳಿಯಬೇಕು ಎಂಬುದು ಉದ್ದೇಶ. 1951ರಲ್ಲಿ ಡಿಹೇವನ್ ಮತ್ತು ರೋಜರ್ ಗ್ರಿಸ್ವೋಲ್ಡ್ ಸೇರಿ ಸೊಂಟ ಮತ್ತು ಹೆಗಲು ಎರಡನ್ನೂ ಹಿಡಿಯುವ ಕಾರಿನ ಪಟ್ಟಿಗೆ ಪೇಟೆಂಟ್ ಕೇಳಿದರು. 1955ರಲ್ಲಿ ಅದು ದೊರೆಯಿತು. 1959ರಲ್ಲಿ ಸ್ವೀಡನ್ನಿನ ವೋಲ್ವೋ ಕಂಪನಿಯ ನೀಲ್ಸ್ ಬೋಲಿನ್ ಇಂಥ ಪಟ್ಟಿಗೆ ಇನ್ನೂ ಉತ್ತಮ ರೂಪ ಕೊಟ್ಟರು. ಇಂದು ಕಾರುಗಳಲ್ಲಿ ನಾವು ಕಾಣುವುದು ಅದನ್ನೇ.

ಹೆಲಿಕಾಪ್ಟರಿಗೆ ಬಂದ ವಿದ್ಯೆ

1952ರ ನಂತರ ಕಾರ್ನೆಲ್ಲಿನ ಸಂಶೋಧನೆ ಎರಡು ಕವಲಾಯಿತು. ಒಂದು ಕಾರುಗಳಿಗೆ, ಇನ್ನೊಂದು ವಿಮಾನಗಳಿಗೆ. ವಿಮಾನದ ಕವಲು 1959ರಲ್ಲಿ ಫ್ಲೈಟ್ ಸೇಫ್ಟಿ ಫೌಂಡೇಷನ್ ಎಂಬ ಸಂಸ್ಥೆಗೆ ಸೇರಿತು. ಆ ತಂಡಕ್ಕೆ ಅಮೆರಿಕದ ಭೂಸೇನೆ ಒಂದು ಕೆಲಸ ಒಪ್ಪಿಸಿತು. ಹೆಲಿಕಾಪ್ಟರ್ ಬಿದ್ದಾಗ ಸೈನಿಕರ ಜೀವ ಉಳಿಸುವುದು ಹೇಗೆ ಎಂದು ಕಂಡುಹಿಡಿಯುವುದು.

ಹೆಲಿಕಾಪ್ಟರ್ ಬೀಳುವ ರೀತಿಯೇ ಬೇರೆ. ವಿಮಾನ ಸಾಮಾನ್ಯವಾಗಿ ನೆಲದ ಮೇಲೆ ಜಾರುತ್ತಾ ಹೋಗಿ ನಿಲ್ಲುತ್ತದೆ, ಅದಕ್ಕೆ ದೂರ ಸಿಗುತ್ತದೆ. ಹೆಲಿಕಾಪ್ಟರ್ ಎಷ್ಟೋ ಸಲ ನೇರವಾಗಿ ಕೆಳಕ್ಕೆ ಅಪ್ಪಳಿಸುತ್ತದೆ. ಆಗ ಏಟು ಬೀಳುವುದು ಕುಳಿತವರ ಬೆನ್ನುಮೂಳೆಗೆ. ಜೊತೆಗೆ ತಲೆಯ ಮೇಲೆ ಭಾರವಾದ ಗೇರ್‌ಪೆಟ್ಟಿಗೆ ಮತ್ತು ತಿರುಗುವ ರೆಕ್ಕೆಗಳಿರುತ್ತವೆ. ಅವು ಕುಸಿದರೆ ಕೆಳಗಿದ್ದವರ ಗತಿಯೇನು?

1960ರ ದಶಕದಲ್ಲಿ ಸಂಶೋಧಕರು ಹಳೆಯ ಹೆಲಿಕಾಪ್ಟರುಗಳಲ್ಲಿ ಗೊಂಬೆಗಳನ್ನು ಕೂರಿಸಿ, ಬೇಕೆಂದೇ ನೆಲಕ್ಕೆ ಅಪ್ಪಳಿಸಿ ಅಳತೆ ಮಾಡಿದರು. ಅದರಿಂದ ತಿಳಿದದ್ದನ್ನೆಲ್ಲ ಸೇರಿಸಿ 1967ರಲ್ಲಿ ಒಂದು ಮಾರ್ಗದರ್ಶಿ ಹೊರಬಂತು. ಹೆಲಿಕಾಪ್ಟರಿನ ಒಳಭಾಗವನ್ನು ರೂಪಿಸುವವರಿಗೆ ಅದೇ ಪಠ್ಯಪುಸ್ತಕವಾಯಿತು. ಡಿಹೇವನ್ ಅವರ ನಿಯಮಗಳು ಅಲ್ಲಿ ಹೇಗೆ ಬಳಕೆಯಾದವು ನೋಡಿ.

ಜನ ಕೂರುವ ಗೂಡಿನ ಚೌಕಟ್ಟು ಗಟ್ಟಿಯಾಗಿರಬೇಕು. ಮೇಲಿನ ಗೇರ್‌ಪೆಟ್ಟಿಗೆ ಒಳಗೆ ಕುಸಿಯಬಾರದು. ಇದು ಮೊದಲ ನಿಯಮ. ಕೆಳಗಿನ ಗಾಲಿಗಳ ಕಾಲು ಮತ್ತು ನೆಲಹಾಸಿನ ಅಡಿಭಾಗ ಜಜ್ಜುತ್ತಾ ಏಟನ್ನು ಹೀರಬೇಕು. ಇದು ಎರಡನೆಯದು. ಸೊಂಟ ಮತ್ತು ಎರಡೂ ಹೆಗಲುಗಳಿಗೆ ಪಟ್ಟಿ ಇರಬೇಕು. ಇದರಲ್ಲಿ ಮೂರು, ನಾಲ್ಕು ಎರಡೂ ಬಂದವು.

ಎಲ್ಲಕ್ಕಿಂತ ಜಾಣತನ ಆಸನದಲ್ಲಿದೆ. ಸಾಧಾರಣ ಕುರ್ಚಿಯಂತೆ ಅದು ಬಿಗಿಯಾಗಿ ನಿಂತಿರುವುದಿಲ್ಲ. ಏಟು ಒಂದು ಮಿತಿ ದಾಟಿದರೆ ಇಡೀ ಆಸನ ಕೆಳಕ್ಕೆ ಜಾರುತ್ತದೆ. ಜಾರುವಾಗ ಅದರಲ್ಲಿರುವ ಲೋಹದ ಕೊಳವೆ ಅಥವಾ ತಂತಿ ಬಗ್ಗುತ್ತಾ, ಜಜ್ಜುತ್ತಾ ಏಟಿನ ಶಕ್ತಿಯನ್ನು ಹೀರಿಕೊಳ್ಳುತ್ತದೆ. ಕುಳಿತವರಿಗೆ ನಿಲ್ಲಲು ಇನ್ನಷ್ಟು ದೂರ ಸಿಕ್ಕಂತಾಯಿತು. ಆದ್ದರಿಂದ ಇಂಥ ಆಸನದ ಕೆಳಗೆ ಚೀಲ, ಪೆಟ್ಟಿಗೆ ಏನನ್ನೂ ಇಡಬಾರದು. ಇಟ್ಟರೆ ಆಸನ ಜಾರಲು ಜಾಗವೇ ಇರುವುದಿಲ್ಲ!

ಅಮೆರಿಕದ ಸೇನೆ ಮುಂದೆ ತನ್ನ ಹೆಲಿಕಾಪ್ಟರುಗಳಿಗೆ ಒಂದು ಗುರಿ ಇಟ್ಟಿತು. ಸೆಕೆಂಡಿಗೆ 42 ಅಡಿ ವೇಗದಲ್ಲಿ ಕೆಳಕ್ಕೆ ಅಪ್ಪಳಿಸಿದರೂ ಒಳಗಿನವರು ಉಳಿಯಬೇಕು. ಇದು ಸುಮಾರು 8.4 ಮೀಟರ್ ಎತ್ತರದಿಂದ ಬಿದ್ದ ವಸ್ತುವಿನ ವೇಗ. ಈಗ ನಮ್ಮ ಲೆಕ್ಕ ಮಾಡಿ. ನಿಲ್ಲಲು 10 ಸೆಂಟಿಮೀಟರ್ ಸಿಕ್ಕರೆ 840 ÷ 10 = 84 ಪಟ್ಟು. ಗಾಲಿಯ ಕಾಲು, ಅಡಿಭಾಗ, ಆಸನ ಎಲ್ಲವೂ ಸೇರಿ 1 ಮೀಟರ್ ಕೊಟ್ಟರೆ 840 ÷ 100 = 8.4 ಪಟ್ಟು. ಎಷ್ಟು ವ್ಯತ್ಯಾಸ! 1974ರಲ್ಲಿ ಮೊದಲು ಹಾರಿದ ಬ್ಲ್ಯಾಕ್ ಹಾಕ್ ಹೆಲಿಕಾಪ್ಟರ್ ಈ ಆಲೋಚನೆಗಳ ಮೇಲೆ ರೂಪುಗೊಂಡಿತು.

ಇನ್ನೊಂದು ಶತ್ರು ಬೆಂಕಿ. ವಿಯೆಟ್ನಾಂ ಯುದ್ಧದಲ್ಲಿ ಹೆಲಿಕಾಪ್ಟರ್ ಬಿದ್ದ ಏಟಿನಿಂದ ಉಳಿದವರು ಇಂಧನಕ್ಕೆ ಹೊತ್ತಿದ ಬೆಂಕಿಯಲ್ಲಿ ಸಾಯುತ್ತಿದ್ದರು. 1970ರಿಂದ ಸುಲಭಕ್ಕೆ ಹರಿಯದ ಇಂಧನ ಚೀಲಗಳೂ, ಕೊಳವೆ ಕಳಚಿದೊಡನೆ ತಾನೇ ಮುಚ್ಚಿಕೊಳ್ಳುವ ಕವಾಟಗಳೂ ಬಂದವು. ಅವನ್ನು ಅಳವಡಿಸಿದ ಹೆಲಿಕಾಪ್ಟರುಗಳಲ್ಲಿ ಬೆಂಕಿಯ ಸಾವು ಬಹುಮಟ್ಟಿಗೆ ನಿಂತಿತು.

ನಮ್ಮ ರಾಜ್ಯಕ್ಕೂ ಈ ವಿದ್ಯೆ ಬಂದಿದೆ. ಬೆಂಗಳೂರಿನ ಎಚ್‌ಎಎಲ್ ರೂಪಿಸಿದ ಧ್ರುವ್ ಹೆಲಿಕಾಪ್ಟರ್ 1992ರ ಆಗಸ್ಟ್ 20ರಂದು ಬೆಂಗಳೂರಿನಲ್ಲಿ ಮೊದಲು ಹಾರಿತು. ಏಟು ಹೀರುವ ಆಸನ, ಅಪ್ಪಳಿಕೆ ತಡೆಯುವ ಇಂಧನ ತೊಟ್ಟಿಗಳು ಅದರ ವಿನ್ಯಾಸದಲ್ಲಿವೆ. 2023ರಲ್ಲಿ ತುಮಕೂರು ಜಿಲ್ಲೆಯ ಗುಬ್ಬಿ ತಾಲ್ಲೂಕಿನಲ್ಲಿ ಎಚ್‌ಎಎಲ್‌ನ ಹೆಲಿಕಾಪ್ಟರ್ ಕಾರ್ಖಾನೆ ಉದ್ಘಾಟನೆಯಾಯಿತು.

ಎಲ್ಲ ಅಪಘಾತಗಳಲ್ಲೂ ಜೀವ ಉಳಿಯುವುದಿಲ್ಲ ಎಂಬುದೂ ನಿಜವೇ. ಬೆಟ್ಟಕ್ಕೆ ಅತಿ ವೇಗದಲ್ಲಿ ಬಡಿದರೆ ಯಾವ ಆಸನವೂ ಕಾಪಾಡಲಾರದು. ಆದರೆ ಉಳಿಯಬಹುದಾದವರು ಒಂದು ಗುಬುಟಿನಿಂದಲೋ ಒಂದು ಬಕಲ್‌ನಿಂದಲೋ ಸಾಯಬಾರದು. ಡಿಹೇವನ್ ಬಾಳಿಡೀ ಹೋರಾಡಿದ್ದು ಇದಕ್ಕಾಗಿ. ಅವರು 1980ರಲ್ಲಿ ತೀರಿಕೊಂಡರು. ಆ ಹೊತ್ತಿಗೆ ಬ್ಲ್ಯಾಕ್ ಹಾಕ್ ಸೇನೆಗೆ ಸೇರಿತ್ತು.

ಮಾಡಿ ನೋಡಿ

ಗೆಳೆಯರು ಗುಂಪುಗಳಾಗಿ. ಒಂದೊಂದು ಗುಂಪಿಗೆ ಒಂದು ಮೊಟ್ಟೆ ಅಥವಾ ಹಣ್ಣಾದ ಟೊಮೆಟೊ, ಒಂದು ರಟ್ಟಿನ ಡಬ್ಬಿ, ಹುಲ್ಲು, ಹಳೆಯ ಬಟ್ಟೆ, ದಾರ ಇರಲಿ. ನಾಲ್ಕು ನಿಯಮಗಳಂತೆ ಕಟ್ಟಿ. ನಿಮ್ಮ ಶಿಕ್ಷಕರು ಅದನ್ನು ತಲೆಯೆತ್ತರದಿಂದ ಬೀಳಿಸಲಿ. ಒಡೆದರೆ ಬೇಸರ ಬೇಡ. ಯಾವ ನಿಯಮ ತಪ್ಪಿತು, ಮೊಟ್ಟೆಯ ಯಾವ ಭಾಗ ಯಾವುದಕ್ಕೆ ಬಡಿಯಿತು ಎಂದು ಬಿಚ್ಚಿ ನೋಡಿ, ನಿಮ್ಮ ವಿಜ್ಞಾನದ ನೋಟ್ ಪುಸ್ತಕದಲ್ಲಿ ಚಿತ್ರ ಸಹಿತ ಬರೆಯಿರಿ. ಆಮೇಲೆ ಮತ್ತೆ ಕಟ್ಟಿ. ಈ ಪ್ರಯೋಗ ಮೊಟ್ಟೆಗೆ ಮಾತ್ರ. ನೀವು ಎಲ್ಲಿಂದಲೂ ಹಾರಿ ನೋಡಬಾರದು!

ಮುಂದಿನ ಸಲ ಕಾರಿನಲ್ಲಿ ಕುಳಿತಾಗ ಪಟ್ಟಿಯನ್ನು ಹೊಟ್ಟೆಯ ಮೇಲೆ ಎಳೆದುಕೊಳ್ಳದೆ, ಕೆಳಗೆ ಸೊಂಟದ ಮೂಳೆಯ ಮೇಲೆ ಬರುವಂತೆ ಕಟ್ಟಿಕೊಳ್ಳಿ. ಏಕೆ ಎಂದು ಮನೆಯವರು ಕೇಳಿದರೆ ಹ್ಯೂ ಡಿಹೇವನ್ ಅವರ ಬಕಲ್ ಕಥೆ ಹೇಳಿ.